ಹಗ್ಗ ಬಿಟ್ಟವನು ಬೇಡಿದ ವರ

"ಗುರುಗಳೇ, ಒಬ್ಬನು ಇನ್ನೊಬ್ಬನಿಗೆ ದ್ರೋಹ ಮಾಡಿದ ಎಂದಿಟ್ಟುಕೊಳ್ಳಿ. ಆ ಇನ್ನೊಬ್ಬನಿಗೆ ಅದು ಗೊತ್ತೇ ಇಲ್ಲ, ನೆಮ್ಮದಿಯಾಗಿದ್ದಾನೆ. ಹೋಗಿ ಹೇಳಿ ಅವನ ಮನಸ್ಸು ಕೆಡಿಸಬೇಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಅರಬರ ಕಡಲತೀರದ ಒಂದೂರಿನಲ್ಲಿ ಸುವೈದ್ ಮತ್ತು ಜಾಸಿಮ್ ಎಂಬ ಗೆಳೆಯರಿದ್ದರು. ಸುವೈದ್ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮುತ್ತಿಗಾಗಿ ಕಡಲಲ್ಲಿ ಮುಳುಗುತ್ತಿದ್ದ. ಜಾಸಿಮ್ ದೋಣಿಯಲ್ಲಿ ನಿಂತು ಹಗ್ಗ ಹಿಡಿಯುತ್ತಿದ್ದ. ಕೆಳಗಿನವನು ಜಗ್ಗಿದೊಡನೆ ಮೇಲಿನವನು ಎಳೆದುಕೊಳ್ಳಬೇಕು.

ಒಮ್ಮೆ ಸುವೈದ್ ಕೆಳಗಿದ್ದಾಗ ದೋಣಿಗಿಂತ ದೊಡ್ಡದೊಂದು ಕಡಲಮೃಗ ನೀರು ಸೀಳಿಕೊಂಡು ಬಂತು. ಕೆಳಗಿನಿಂದ ಹಗ್ಗ ಜಗ್ಗಿತು. ಜಾಸಿಮ್ ಹೆದರಿ ಹಗ್ಗ ಬಿಟ್ಟು, ಹುಟ್ಟು ಹಾಕುತ್ತಾ ದಡಕ್ಕೆ ಬಂದುಬಿಟ್ಟ.

ಊರಿಗೆ ಹೋಗಲು ಮುಖವಿಲ್ಲದೆ ಮರಳಿನ ಮೇಲೆ ಬಿದ್ದು ಅಳುತ್ತಿದ್ದಾಗ ಅವನೆದುರು ಒಂದು ಜಿನ್ನಿ ಎದ್ದು ನಿಂತಿತು. "ಈ ದಡ ನನ್ನದು. ನಿನ್ನ ಗೋಳು ಕೇಳಲಾರೆ. ಬೇಕಾದ್ದು ಕೇಳಿಕೊಂಡು ಎದ್ದು ಹೋಗು" ಎಂದಿತು.

"ನನ್ನ ಗೆಳೆಯ ಬದುಕಿ ಬರಲಿ" ಎಂದ ಜಾಸಿಮ್. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ದನಿ ತಗ್ಗಿಸಿ, "ನಾನು ಹಗ್ಗ ಬಿಟ್ಟದ್ದು ಮಾತ್ರ ಅವನಿಗೆ ನೆನಪಿರುವುದು ಬೇಡ" ಎಂದು ಸೇರಿಸಿದ.

ಅಲೆಯೊಂದು ಸುವೈದನನ್ನು ಜೀವಸಹಿತ ದಡಕ್ಕೆ ತಂದು ಹಾಕಿತು. "ಮೃಗ ಹಗ್ಗವನ್ನೇ ಕಡಿದಿರಬೇಕು. ಇಲ್ಲದಿದ್ದರೆ ಜಾಸಿಮ್ ನನ್ನನ್ನು ಬಿಡುತ್ತಿದ್ದನೇ?" ಎಂದು ಅವನು ಊರಿಗೆಲ್ಲ ಹೇಳಿಕೊಂಡು ಬಂದ. ಹುಟ್ಟಿದ ಮಗನಿಗೆ ಜಾಸಿಮ್ ಎಂದೇ ಹೆಸರಿಟ್ಟ. ಮನೆಗೆ ಕರೆದು ಮೊದಲ ತುತ್ತು ಗೆಳೆಯನಿಗೇ ಕೊಡುತ್ತಿದ್ದ. ಜಾಸಿಮ್ ಆ ತುತ್ತನ್ನು ತಟ್ಟೆಯ ಅಂಚಿಗೆ ಸರಿಸಿಡುತ್ತಿದ್ದ. ಸುವೈದ್ ನಗುತ್ತಾ ಮತ್ತೆ ಹಗ್ಗವನ್ನು ಅವನ ಕೈಗಿಟ್ಟು ಮುಳುಗುವಾಗ ಜಾಸಿಮನಿಗೆ ತಲೆ ಎತ್ತಿ ನೋಡಲಾಗುತ್ತಿರಲಿಲ್ಲ.

ಕಡೆಗೆ ತಾಳಲಾರದೆ ಜಾಸಿಮ್ ತಾನು ಹಗ್ಗ ಬಿಟ್ಟದ್ದನ್ನೂ ಬೇಡಿದ ವರವನ್ನೂ ಹೇಳಿಬಿಟ್ಟ. ಸುವೈದ್ ನಂಬಲಿಲ್ಲ. ಬಿಸಿಲಿಗೆ ನಿನ್ನ ತಲೆ ಕೆಟ್ಟಿದೆ, ಹೋಗಿ ಮಲಗು ಎಂದು ನಕ್ಕ. ಜಾಸಿಮ್ ದಡಕ್ಕೆ ಓಡಿ ಜಿನ್ನಿಯನ್ನು ಕೂಗಿ ಕರೆದು, ಗೆಳೆಯನ ನೆನಪನ್ನು ಅವನಿಗೆ ಕೊಟ್ಟುಬಿಡು ಎಂದು ಬೇಡಿಕೊಂಡ. ಜಿನ್ನಿ ಕೊಟ್ಟಿತು.

ಸುವೈದ್ ದಡಕ್ಕೆ ಬಂದ. ಜಾಸಿಮನ ಎದುರು ನಿಂತು ಹೇಳಿದ: "ಹೆದರಿ ಹಗ್ಗ ಬಿಟ್ಟೆ, ಅದು ನನಗೆ ಅರ್ಥವಾಗುತ್ತದೆ. ಆದರೆ ನಿನ್ನ ಮೇಲೆ ಸಿಟ್ಟಾಗುವ ಹಕ್ಕನ್ನೂ ಕಿತ್ತುಕೊಂಡೆಯಲ್ಲ, ಜಾಸಿಮ್! ಇನ್ನು ಮಗನನ್ನು ಹೆಸರು ಹಿಡಿದು ಹೇಗೆ ಕರೆಯಲಿ?"

ಜಾಸಿಮನಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಮರುದಿನ ಸುವೈದ್ ಹಗ್ಗವನ್ನು ಬೇರೆಯವನ ಕೈಗೆ ಕೊಟ್ಟ. ಜಾಸಿಮ್ ಅದೇ ದೋಣಿಯಲ್ಲಿ ಹುಟ್ಟು ಹಾಕಲು ಕುಳಿತ. ಸುವೈದ್ ಅವನನ್ನು ಮಾತಾಡಿಸಲಿಲ್ಲ, ಇಳಿದು ಹೋಗೆಂದೂ ಹೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಮೊದಲೇ ಹೇಳಿದ್ದರೆ ಸುವೈದ್ ಕ್ಷಮಿಸುತ್ತಿದ್ದನೇ?" ಎಂದು ಶಿಷ್ಯ ಮೆಲ್ಲನೆ ಕೇಳಿದ.

ಗುರುಗಳು ಅವನ ಮುಖವನ್ನೇ ನೋಡಿ ಅಂದರು: "ನೀನು ಹೇಳಬೇಕಾದವನ ಮನೆ ಇಲ್ಲಿಂದ ಎಷ್ಟು ದೂರ?"