ಕರಿಗೋಲಿ, ಬಿಳಿಪುಡಿ, ಏಳು ದಿನ

“ಕಲ್ಲುಗಣಿಯ ಕೇರಿಗೆ ಯಾವ ಕಡೆ ಹೋಗಬೇಕಪ್ಪ?” ಎಂದು ಸಿದ್ಧವ್ವ ತಾಯಿ ಕುರಿಯವನನ್ನು ಕೇಳಿದರು. ಅರ್ಧ ದಿನ ತಪ್ಪು ದಾರಿಯಲ್ಲಿ ನಡೆದಾಗಿತ್ತು.

“ಬಂದ ದಾರೀಲೇ ವಾಪಸ್ ಹೋಗಿ ತಾಯಿ. ಹಳ್ಳದ ಹತ್ರ ತಿರುಗಬೇಕಿತ್ತು, ನೀವು ತಿರುಗಲಿಲ್ಲ.”

ಶಿಷ್ಯ ಗುರುಪಾದನ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಅವನು ಕುಂಟುತ್ತಲೇ ಕೇಳಿದ: “ತಾಯಿ, ನೋವು ಕಳೆಯುವ ಮದ್ದು ಲೋಕದಲ್ಲಿ ಇರುವಾಗ ನೋವು ತಿನ್ನುವುದು ದಡ್ಡತನವಲ್ಲವೇ?”

“ಮದ್ದು ಬೇಡ ಎಂದವರು ಯಾರು? ನಡೆ, ಒಂದು ಕತೆ ಹೇಳುತ್ತೇನೆ, ಕಾಲು ಮರೆಯುತ್ತದೆ. ಕತೆಯ ಚಟ ಹತ್ತಿದರೆ ಮಾತ್ರ ನಾನು ಹೊಣೆಯಲ್ಲ.”

ತಾಯಿ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬರು ವೈದ್ಯರಿದ್ದರು. ಅವರ ಬಳಿ ಗಸಗಸೆಕಾಯಿಯ ಹಾಲಿನಿಂದ ಮಾಡಿದ ಕರಿಗೋಲಿ ಇತ್ತು. ಜನ ಅದನ್ನು ಅಫೀಮು ಎನ್ನುತ್ತಿದ್ದರು. ವೈದ್ಯರು ಅದನ್ನು ಗುಲಗಂಜಿ ಇಟ್ಟು ತೂಗಿ, ತಮ್ಮೆದುರೇ ನುಂಗಿಸುತ್ತಿದ್ದರು. ಯಾರ ಕೈಗೂ ಕೊಟ್ಟು ಮನೆಗೆ ಕಳಿಸುತ್ತಿರಲಿಲ್ಲ. ಅದು ಅವರ ಗುರುವಿನ ಕಾಲದಿಂದ ಬಂದ ಕಟ್ಟಳೆ.

ಕಲ್ಲು ಹೊರುವ ಹೆಂಗಸೊಬ್ಬಳು ಗಣಿಯಲ್ಲಿ ಬಿದ್ದು ಸೊಂಟ ಮುರಿದುಕೊಂಡಳು. ವೈದ್ಯರು ಗೋಲಿ ಕೊಟ್ಟರು. ಅವಳ ಕೂಗು ನಿಂತಿತು. ಆ ಗೋಲಿ ತಪ್ಪಲ್ಲ.

ಮೂರು ತಿಂಗಳಿಗೆ ಮೂಳೆ ಕೂಡಿತು. ಆದರೂ ಅವಳು ಬರುವುದನ್ನು ಬಿಡಲಿಲ್ಲ. ಒಂದು ಹೊತ್ತು ಗೋಲಿ ತಪ್ಪಿದರೆ ಆಕಳಿಸುತ್ತಿದ್ದಳು, ಮೂಗು ಸೋರುತ್ತಿತ್ತು, ಕಾಲು ತಾನಾಗಿ ಒದೆದುಕೊಳ್ಳುತ್ತಿತ್ತು.

ಬಂದರಿನ ಕಡೆಯಿಂದ ಒಬ್ಬ ವ್ಯಾಪಾರಿ ಬಂದ. ಬಿಳಿಪುಡಿ ತಂದಿದ್ದ. ಇದು ಕರಿಗೋಲಿಯ ಚಟ ಬಿಡಿಸುತ್ತದೆ ಎಂದ. ಅವನು ಸುಳ್ಳು ಹೇಳಲಿಲ್ಲ. ಪುಡಿ ತಿಂದ ದಿನದಿಂದ ಆ ಹೆಂಗಸು ಕರಿಗೋಲಿಯ ಹೆಸರೆತ್ತಲಿಲ್ಲ. ವೈದ್ಯರು ಹಿಗ್ಗಿ, ಇಲ್ಲಿ ಚಟ ಬಿಡಿಸಲಾಗುತ್ತದೆ ಎಂದು ಬಾಗಿಲಿಗೆ ಹಲಗೆ ಹಾಕಿಸಿದರು.

ಎರಡು ವರ್ಷಕ್ಕೆ ಬಿಳಿಪುಡಿ ಇಲ್ಲದೆ ಅವಳಿಗೆ ಬೆಳಗಾಗುತ್ತಿರಲಿಲ್ಲ. ವ್ಯಾಪಾರಿ ಮತ್ತೆ ಬಂದ. ಈ ಸಲ ಶೀಶೆಯಲ್ಲಿ ತಿಳಿನೀರಿನಂಥ ಮದ್ದು. ಪುಡಿಯ ಚಟಕ್ಕೆ ಇದೇ ರಾಮಬಾಣ ಎಂದ. ಇದು ಯಾವುದರಿಂದ ಮಾಡಿದ್ದು ಎಂದು ವೈದ್ಯರು ಕೇಳಿದರು. ಅದೇ ಗಸಗಸೆಯ ಹಾಲು, ಇನ್ನೂ ಚೆನ್ನಾಗಿ ಸೋಸಿದ್ದೇವೆ ಎಂದ.

ಹೆಂಗಸು ಶೀಶೆ ನೋಡಿ ನಕ್ಕಳು. “ಇದರ ಚಟ ಬಿಡಿಸೋಕೆ ಮುಂದೆ ಏನು ಬರುತ್ತೆ ಅಂತ ಅವನನ್ನೇ ಕೇಳಿಬಿಡಿ. ನಾನು ನೇರ ಅದನ್ನೇ ತಗೋತೀನಿ.”

ಆಮೇಲೆ ನಗು ನಿಲ್ಲಿಸಿದಳು. “ಮದ್ದು ಬೇಡ. ಏಳು ದಿನ ನನ್ನ ಗುಡಿಸಲಲ್ಲಿ ಕೂತ್ಕೊಳ್ಳಿ. ಬೈತೀನಿ, ಕಚ್ತೀನಿ, ಕಾಲಿಗೂ ಬೀಳ್ತೀನಿ. ಬಾಗಿಲು ಮಾತ್ರ ತೆಗೀಬೇಡಿ.”

ಅಂದು ಸಂತೆ. ಹಲಗೆ ಓದಿಕೊಂಡು ಬಂದ ನಲವತ್ತು ಜನ ಜಗಲಿಯ ಮೇಲೆ ಕೂತಿದ್ದರು. ಸಂತೆ ಮುಗಿಸಿ ಬರುತ್ತೇನೆ, ಅಲ್ಲಿಯವರೆಗೆ ಇರಲಿ ಎಂದು ವೈದ್ಯರು ಶೀಶೆಯನ್ನು ಅವಳ ಕೈಗೆ ಕೊಟ್ಟು ಕಳಿಸಿದರು. ಗುರುವಿನ ಕಟ್ಟಳೆಯನ್ನು ಅವರು ಮುರಿದದ್ದು ಅದೊಂದೇ ಸಲ.

ಸಂಜೆ ಹೋದಾಗ ಶೀಶೆ ಬರಿದಾಗಿತ್ತು. ಅವಳ ಮೈ ತಣ್ಣಗಾಗಿತ್ತು. ಪುಟ್ಟ ಮಗಳು ಅಮ್ಮ ಮಲಗಿದ್ದಾಳೆ ಎಂದಳು.

ತಾಯಿ ಕತೆ ನಿಲ್ಲಿಸಿದರು. ಹಳ್ಳದ ತಿರುವು ಬಂದಿತ್ತು. ಆ ವೈದ್ಯರು ಏನಾದರು ಎಂದು ಗುರುಪಾದ ಕೇಳಿದ. ಹಲಗೆ ಸುಟ್ಟು ಊರು ಬಿಟ್ಟರು, ನಿಂತಲ್ಲಿ ನಿಲ್ಲಲಾಗದೆ ದೇಶವೆಲ್ಲ ತಿರುಗಿದರು ಎಂದರು ತಾಯಿ. ವ್ಯಾಪಾರಿ? ಅವನೀಗ ನೇರ ಗಣಿಗೇ ಬರುತ್ತಾನಂತೆ, ವೈದ್ಯರ ಹಂಗೂ ಬೇಕಿಲ್ಲವಂತೆ.

ಕೇರಿಯ ಕೊನೆಯ ಗುಡಿಸಲಿನ ಮುಂದೆ ಒಬ್ಬ ಹೆಂಗಸು ಗೋಡೆಗೊರಗಿ ಕೂತಿದ್ದಳು. ಹೆಸರು ಕೆಂಚಿ. ಬನ್ನಿ ಎಂದು ಸಿದ್ಧವ್ವ ತಾಯಿಗೆ ಹೇಳಿಕಳಿಸಿದವಳು ಅವಳೇ. ಕಲ್ಲು ಹೊತ್ತು ಅವಳ ಭುಜ ಬಾಗಿತ್ತು. ಆಕಳಿಸುತ್ತಿದ್ದಳು, ಮೂಗು ಸೋರುತ್ತಿತ್ತು.

“ಬರಲ್ಲ ಅಂದ್ಕೊಂಡಿದ್ದೆ,” ಎಂದಳು ಕೆಂಚಿ.

ತಾಯಿ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಹೊಸ್ತಿಲ ಒಳಗಿನಿಂದ ಶಿಷ್ಯನ ಕಡೆ ತಿರುಗಿದರು.

“ಗಂಜಿ ಕಿಟಕಿಯಲ್ಲಿ ಕೊಡು, ಹೊರಗಿನಿಂದ ಚಿಲಕ ಹಾಕು, ನಾನೇ ಬೇಡಿದರೂ ಏಳು ದಿನ ತೆಗೆಯಬೇಡ, ಸಂತೆ ಮುಗಿಸಿ ಬರುತ್ತೇನೆ ಎಂದು ಇವಳ ಅಮ್ಮನಿಗೆ ಮಾತು ಕೊಟ್ಟವಳು ನಾನು.”

ಗುರುಪಾದ ಚಿಲಕ ಹಾಕಿದ.