ನೆಗ್ಗಿದ ಬಿಂದಿಗೆಯ ಕತ್ತು

ಬಾವಿಕಟ್ಟೆಗೆ ಬಡಿದು ತಾಮ್ರದ ಬಿಂದಿಗೆಯೊಂದರ ಹೊಟ್ಟೆ ನೆಗ್ಗಿತು. ಸರಿಹೋಗದಿದ್ದರೆ ಗುಜರಿಗೆ ಹಾಕಿಬಿಡಿ ಎಂದು ಮನೆಯವರು ಅದನ್ನು ಕಂಚುಗಾರ ಮೌನೇಶಾಚಾರಿಯ ಕೈಗೆ ಕೊಟ್ಟರು. ಅವನ ಸುತ್ತಿಗೆ ನೆಗ್ಗನ್ನು ಬಿಟ್ಟು ಅದರ ಸುತ್ತಲೂ ಮೆಲ್ಲಗೆ ತಟ್ಟುತ್ತ ಕತ್ತಿನ ಬುಡಕ್ಕೆ ಬಂತು.

“ಸುತ್ತಿಗೆಯಣ್ಣ, ನೆಗ್ಗಿದ್ದು ಹೊಟ್ಟೆ. ನನ್ನನ್ನೇಕೆ ಬಡಿಯುತ್ತೀಯೆ?” ಎಂದು ಕತ್ತು ಸಿಡುಕಿತು.

“ತಮ್ಮಾ, ಅದು ಒಳಕ್ಕೆ ಹೋಗುವಾಗ ನಿನ್ನನ್ನೂ ಎಳೆದುಕೊಂಡೇ ಹೋಗಿದೆ. ನೀನು ಬಿಗಿದುಕೊಂಡು ಕೂತರೆ ಅದು ಏಳುವುದು ಹೇಗೆ? ನೆಗ್ಗಿನ ಮೇಲೇ ಗುದ್ದಿದರೆ ತಾಮ್ರ ಹರಿದೀತು.”

“ನನಗೇನೂ ಆಗಿಲ್ಲಪ್ಪ” ಎಂದು ಗೊಣಗುತ್ತಲೇ ಕತ್ತು ಒಂದಿಷ್ಟು ಸಡಿಲಿತು. ಟಣ್ ಎಂದು ಹೊಟ್ಟೆ ಹೊರಗೆ ಬಂತು. ಅದರೊಡನೆ ಕತ್ತೂ ನೆಟ್ಟಗಾಯಿತು.

“ಶಿವನೇ, ಇಷ್ಟು ಹೊತ್ತೂ ನಾನೂ ಸೊಟ್ಟಗೇ ಇದ್ದೆನೆ?” ಎಂದು ಕತ್ತು ನಕ್ಕಿತು. ಆ ನಗು ಹೊಟ್ಟೆಯ ತುಂಬ ಗಣಗಣ ಮೊಳಗಿತು.