ಶಾವಂತ್ರವ್ವ ಓದಿದ ಗೋಡೆ

ಬಾಳ ಹಿಂದಿನ ಮಾತು. ಯಾವ ಕಾಲ ಅಂತ ಕೇಳಬ್ಯಾಡ್ರಿ, ನಮ್ಮಜ್ಜನಿಗೂ ಗೊತ್ತಿರಲಿಲ್ಲ. ಹೊಳೆದಂಡೆಯ ಒಂದು ಊರಲ್ಲಿ ಶಾವಂತ್ರವ್ವ ಅಂತ ಒಬ್ಬಾಕಿ ಇದ್ದಳಂತೆ.

ಅವಳ ಗಂಡ ಗ್ಯಾನಪ್ಪ ಚಿತ್ರ ಬರೆಯುವವ. ಒಂದು ಸಲ ಮೈಯೆಲ್ಲ ಜ್ವರ ಇದ್ದಾಗಲೇ ಎದ್ದುಹೋಗಿ ಊರ ಚಾವಡಿಯ ಗೋಡೆ ತುಂಬ ಬರೆದನಂತೆ. ಎಂಥ ಚಿತ್ರ ಅಂತೀರಿ! ಆಕಾಶದಲ್ಲಿ ತಲೆಕೆಳಗಾಗಿ ತೂಗುವ ಬಾವಿ. ಬಾಗಿಲೇ ಇಲ್ಲದ ಮನೆ, ಅದರೊಳಗಿಂದ ಹೊಗೆ. ಕಿವಿ ಮೂಡಿದ ಜೋಳದ ತೆನೆ. ನಟ್ಟನಡುವೆ ಹೊಳೆ, ಹೊಳೆಯ ಮೇಲೆ ಒಂದು ಖಾಲಿ ಮಂಚ, ಆ ಮಂಚದ ಕಾಲಿಗೆ ಬೇರು. ಬರೆದು ಮುಗಿಸಿ, ಕುಂಚ ತೊಳೆದಿಟ್ಟು, ಹೊಳೆ ದಾಟಿ ಹೋದವ ಮತ್ತೆ ಬರಲೇ ಇಲ್ಲ.

ಏನು ಬರೆದಾನೆ ಅಂತ ಊರವರು ಹೆಂಡತಿಯನ್ನು ಕೇಳಿದರು. ಅವಳಿಗೇನು ಗೊತ್ತು, ಪಾಪ? ನೆನಪಿದ್ದಷ್ಟು ಹೇಳಿದಳು. ಬಾವಿ ಅಂದರೆ ಅವನ ತಂಗಿ ಬಿದ್ದು ಸತ್ತದ್ದು, ಬಾಗಿಲಿಲ್ಲದ ಮನೆ ಅಂದರೆ ಅವನನ್ನು ಹೊರಹಾಕಿದ ಅಪ್ಪನ ಮನೆ. ಮಂಚ? ಹೋದವ ಬರ್ತಾನೆ, ಅವನ ಜಾಗ ಕಾದಿಟ್ಟಿದೆ ಅಂತ ಅದರ ಅರ್ಥ ಅಂದಳಂತೆ. ಅವತ್ತಿನಿಂದ ಸುತ್ತಲ ಹಳ್ಳಿಯ ಜನ ತಮ್ಮ ಕನಸು, ಸತ್ತವರು, ತಪ್ಪಿಸಿಕೊಂಡ ಎತ್ತು ಎಲ್ಲದಕ್ಕೂ ಆ ಗೋಡೆಯನ್ನೇ ಕೇಳೋಕೆ ಬಂದರು. ಅವಳು ಕೋಲು ಹಿಡಿದು ತೋರಿಸಿ ಅರ್ಥ ಹೇಳೋಳು. ಅವಳು ಹೇಳಿದರೆ ತುಂಬಿದ ಹೊಳೆ ಇಳೀತಿತ್ತಂತೆ, ಗೊಡ್ಡೆಮ್ಮೆ ಗಬ್ಬ ಆಗ್ತಿತ್ತಂತೆ. ಸುಳ್ಳೋ ಖರೆಯೋ, ಜನ ಹಾಗೆ ಹೇಳ್ತಾರೆ. ಆದರೆ ಅವಳು ದಣಿದುಹೋಗಿದ್ದಳು. ಊರವರ ದುಃಖ ಎಲ್ಲ ಕೇಳಿ ಕೇಳಿ ಸಾಕಾಗಿತ್ತು, ಅವಳದನ್ನು ಕೇಳುವವರು ಒಬ್ಬರೂ ಇರಲಿಲ್ಲ.

ಅದೇ ಊರಿನ ಕಾಶವ್ವನ ಗಂಡ ಉಪ್ಪು ತರೋಕೆ ಹೋಗಿ ಒಂಬತ್ತು ವರ್ಷ ಆಗಿತ್ತು. ಇದ್ದಾನೋ ಸತ್ತನೋ ಸುದ್ದಿಯಿಲ್ಲ. ವರ್ಷಕ್ಕೊಮ್ಮೆ ಬಂದು ಮಂಚದ ಅರ್ಥ ಕೇಳೋಳು. ಬರ್ತಾನೆ, ಕಾಯಿ ಅಂತ ಶಾವಂತ್ರವ್ವ ಹೇಳೋಳು. ಈಕೆ ಹೋಗಿ ಕಾಯೋಳು. ಒಂಬತ್ತು ಸಲ ಹಾಗೇ ಆಯಿತು.

ಹತ್ತನೇ ವರ್ಷ, ಹೆಂಡತಿ ಸತ್ತ ಒಬ್ಬ ಕಂಬಳಿ ನೇಯುವವ ಕಾಶವ್ವನಿಗೆ ಉಡಿಕಿ ಸೀರೆ ತಂದ. ಗಂಡನಿಲ್ಲದಾಕೆ ಆ ಸೀರೆ ಉಟ್ಟರೆ ಅವರಲ್ಲಿ ಅದೇ ಎರಡನೇ ಮದುವೆ. ಮಗ ಬರೋನಿದ್ದಾನೆ, ಹೆಂಗೆ ಉಡ್ತಾಳೆ ಅಂತ ಅತ್ತೆ ಅಡ್ಡ ನಿಂತಳು. ಹಿರಿಯರು ಚಾವಡಿಯಲ್ಲಿ ಕೂತು, ಶಾವಂತ್ರವ್ವ ಏನು ಅರ್ಥ ಹೇಳ್ತಾಳೋ ಅದೇ ಕೊನೆ ಮಾತು ಅಂದುಬಿಟ್ಟರು.

ಶಾವಂತ್ರವ್ವ ಗೋಡೆ ಮುಂದೆ ಬಾಳ ಹೊತ್ತು ನಿಂತಳಂತೆ. ಬರ್ತಾನೆ ಅಂದರೆ ಕಾಶವ್ವನ ಬಾಳು ಅಲ್ಲಿಗೇ ಮುಗೀತು. ಬರೋದಿಲ್ಲ ಅಂದರೆ ಗ್ಯಾನಪ್ಪನೂ ಬರೋದಿಲ್ಲ. ತಿರುಗಿ ನೋಡಿದಳು. ಕಾಶವ್ವನ ತಲೆ ಅಲ್ಲಲ್ಲಿ ನೆರೆತಿತ್ತು. ಕೋಲು ಕೆಳಗಿಟ್ಟು ಅಲ್ಲೇ ಕೂತುಬಿಟ್ಟಳು.

"ಮಂಚ ಖಾಲಿ ಅದ, ಅಷ್ಟ. ಬರ್ತಾನ ಅಂತ ನಾ ಹೇಳಿದ್ದು ನನ್ನ ಗಂಡನ್ನ ನೆನಸಿ. ಒಬ್ಬಾಕೀನ ಕಾಯೂದು ಬ್ಯಾಸರಾಗಿತ್ತವ್ವ, ನಿನ್ನೂ ಜೋಡಿ ಕೂಡಿಸಿಕೊಂಡೆ. ತಪ್ಪಾತು. ಸೀರಿ ಉಡು."

ಹಂಗಾದರೆ ಇಷ್ಟು ದಿನ ಹೇಳಿದ್ದೆಲ್ಲ ಏನು ಅಂತ ಒಬ್ಬ ಹಿರಿಯ ಕೇಳಿದ. ಒಂದಷ್ಟು ನನ್ನ ನೆನಪು, ಉಳಿದದ್ದು ನಿಮ್ಮ ಮುಖ ನೋಡಿ ಹೇಳಿದ್ದು ಅಂದಳಂತೆ. ಕಾಶವ್ವ ಸೀರೆ ಎತ್ತಿಕೊಂಡು, ಅವಳ ಕಡೆ ತಿರುಗಿಯೂ ನೋಡದೆ ಹೋದಳು. ಒಂಬತ್ತು ವರ್ಷ ಅಂದರೆ ಸಣ್ಣದೇನ್ರಪ್ಪಾ? ಆಮೇಲೆ ಅರ್ಥ ಕೇಳೋಕೆ ಯಾರೂ ಬರಲಿಲ್ಲ. ಶಾವಂತ್ರವ್ವ ಮೂರು ದಿನ ಎಚ್ಚರಿಲ್ಲದೆ ನಿದ್ದೆ ಮಾಡಿದಳು ಅಂತಾರೆ.

ನಾಲ್ಕು ವರ್ಷ ಕಳೆದ ಮೇಲೆ ಕಾಶವ್ವ ಬಂದಳಂತೆ. ಒಂದು ಹೊಸ ಸೀರೆ ತಂದು ಶಾವಂತ್ರವ್ವನ ಉಡಿಯಲ್ಲಿಟ್ಟು, ಪಕ್ಕದಲ್ಲಿ ಕೂತಳಂತೆ.

ಈಗ ಆ ಚಾವಡಿ ಇಲ್ಲ, ಗೋಡೆಯೂ ಇಲ್ಲ. ಆದರೆ ಆ ಊರಲ್ಲಿ ಯಾರ ಗಂಡನಾದರೂ ಹೋಗಿ ಮೂರು ವರ್ಷ ಸುದ್ದಿಯಿಲ್ಲ ಅಂದರೆ, ನಾಲ್ಕನೇ ವರ್ಷ ಓಣಿಯ ಹೆಂಗಸರು ಒಂದು ಹೊಸ ಸೀರೆ ತಂದು ಅವಳ ಉಡಿಯಲ್ಲಿಟ್ಟು ಬರ್ತಾರೆ. ಅವಳು ಉಟ್ಟರೂ ಸೈ, ಪೆಟ್ಟಿಗೆಯಲ್ಲಿಟ್ಟರೂ ಸೈ. ಅವ ಬರ್ತಾನೇನು ಅಂತ ಯಾರೂ ಕೇಳೋದಿಲ್ಲ.